ಅವಳು ಹೊಸಿಲು ದಾಟಿದ ಮೇಲೆ

ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡ ಟೈಲರಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಕಿವಿಗೇನೂ ಡ್ರಾಪ್ಸ್ ಹಾಕಿರಲಿಲ್ಲವಲ್ಲ, ಪಕ್ಕದ ಬೆಂಚಿನ ಮಾತೆಲ್ಲ ಕೇಳುತ್ತಿತ್ತು. ಅಲ್ಲಿ ಸೊಸೆಯೊಬ್ಬಳು, ಟೈಲರಮ್ಮನ ಹಾಗೇ ಕಣ್ಣು ಮುಚ್ಚಿ ಕೂತಿರಬೇಕಾದ ಅತ್ತೆಗೆ ಹಳೇ ಪುಸ್ತಕದಿಂದ ಒಂದು ಕತೆ ಓದಿ ಹೇಳುತ್ತಿದ್ದಳು. ನೂರೈವತ್ತು ವರ್ಷದ ಹಿಂದಿನ ಕತೆಯಂತೆ. ಅದರಲ್ಲಿ ಹೆಂಡತಿ ಸಂಸಾರ ಸಾಕಾಗಿ ಹೊಸಿಲು ದಾಟಿದ್ದಳು.

"ಗೇಟಿನ ತನಕ ಹೋದವಳು ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಬಂದು ಗಂಡನಿಗೆ ಊಟ ಬಡಿಸಿದಳು. ಮುಗೀತು ಅತ್ತೆ."

"ಹಾಗಂತ ಬರೆದಿದೆಯಾ?"

"ಹೂಂ."

"ಸುಳ್ಳು ಯಾಕೆ ಹೇಳ್ತೀಯ? ಅದರಲ್ಲಿ ಕೊನೇ ಹಾಳೆನೇ ಇಲ್ಲ."

ಸೊಸೆ ಪುಸ್ತಕ ಮುಚ್ಚಿದ ಸದ್ದಾಯಿತು.

"ನಿಮಗೆ ಹೇಗೆ ಗೊತ್ತು?"

"ನೀನು ಮದುವೆಯಾಗಿ ಬಂದ ವಾರ ನಾನೇ ಹರಿದು ಒಲೆಗೆ ಹಾಕಿದೆ. ನೀನು ಕೈಗೆ ಸಿಕ್ಕಿದ್ದೆಲ್ಲ ಓದ್ತೀಯ ಅಂತ ಹೇಳಿದ್ರು."

"ಅಂಥದ್ದೇನಿತ್ತು ಅದರಲ್ಲಿ?"

"ಹೋಗೇಬಿಡ್ತಾಳೆ. ತಿರುಗಿ ಕೂಡ ನೋಡಲ್ಲ. ನಾನು ಮದುವೆಗೆ ಮುಂಚೆ ಓದಿದ್ದು, ಇನ್ನೂ ಮರೆತಿಲ್ಲ."

"ಹೌದಾ..."

"ನೀನ್ಯಾಕೆ ಅವಳನ್ನ ವಾಪಸು ಕರ್ಕೊಂಡು ಬಂದೆ? ನಾನು ಬೈತೀನಿ ಅಂತಲಾ?"

"ಅಲ್ಲ ಅತ್ತೆ. ಎಲ್ಲಿಗೆ ಹೋಗ್ತಾಳೆ ಅಂತ ನನಗೆ ಹೊಳೀಲೇ ಇಲ್ಲ."

ಒಳಗಿಂದ ನರ್ಸ್ ಕೂಗಿದಳು. ಬೆಂಚು ಕಿರುಗುಟ್ಟಿತು, ಎರಡು ಜೊತೆ ಚಪ್ಪಲಿ ನಿಧಾನವಾಗಿ ದೂರವಾದವು.

"ಕೈ ಹಿಡ್ಕೋ," ಅನ್ನುತ್ತಿತ್ತು ಅತ್ತೆಯ ದನಿ. "ಆ ಹಾಳೆನ ಸುಮ್ಮನೆ ಹರಿದೆ ಕಣೇ ನಾನು."