ದಾನಿಗಳೆಲ್ಲ ಪ್ರಶ್ನೆಚಿಹ್ನೆಯಾದ ದಿನ

ವೇದಿಕೆಯ ಅಧ್ಯಕ್ಷರೇ, ನಮ್ಮ ಕಾಲೇಜಿನ ಕಾರ್ಯದರ್ಶಿಗಳಾದ ದೇವರಾಜ್ ಅವರೇ, ನನ್ನನ್ನು ಸಾಗಹಾಕಲು ಇಷ್ಟೊಂದು ಉತ್ಸಾಹದಿಂದ ಬಂದಿರುವ ಸಭಿಕರೇ,

ಹೊಳೆನರಸೀಪುರದ ಈ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದೆ. "ಕೀರ್ತಿರಾಜ್ ಒಂದು ತಪ್ಪೂ ಮಾಡಿದವರಲ್ಲ" ಎಂದು ಈಗ ತಾನೇ ಹೊಗಳಿದಿರಿ. ಕೇಳಲು ಹಿತವಾಗಿತ್ತು. ಆದರೆ ನಿಜವೇ?

ಕಾಲೇಜಿನ ವೆಬ್‌ಸೈಟ್ ಕಟ್ಟಿದವನು ನಾನೇ. ನೋಟ್‌ಪ್ಯಾಡಿನಲ್ಲಿ, ಹದಿನೈದು ವರ್ಷದ ಹಿಂದೆ. ಅದರಲ್ಲಿ ದಾನಿಗಳ ಪುಟ, ಅರವತ್ತೆರಡು ಹೆಸರು. ಕಳೆದ ವಾರ್ಷಿಕೋತ್ಸವದ ಮುನ್ನಾದಿನ ಹರದನಹಳ್ಳಿಯ ಪಾರ್ವತಮ್ಮನವರ ಇನಿಷಿಯಲ್ ತಿದ್ದಲು ಪುಟವನ್ನು ಹೊಸ ಫೈಲಿಗೆ ನಕಲು ಮಾಡಿ, ಹಳೆಯದರ ಮೇಲೆಯೇ ಸೇವ್ ಒತ್ತಿದೆ. ಕಂಪ್ಯೂಟರ್ ಪಾಪ, ಎಚ್ಚರಿಸಿತು: ಹೀಗೆ ಉಳಿಸಿದರೆ ಕೆಲವು ಅಕ್ಷರ ನಾಶವಾಗುತ್ತವೆ, ಇರಲೇ? ನಾನು ಓದಿದೆನೇ? ಸುತ್ತೋಲೆಯನ್ನೇ ಓದದೆ ಸಹಿ ಹಾಕಿದವನು! ಓಕೆ ಒತ್ತಿದೆ.

ಮರುದಿನ ಸಮಾರಂಭದಲ್ಲಿ ಪ್ರೊಜೆಕ್ಟರ್ ಹಾಕಿದಾಗ ಇದೇ ಗೋಡೆಯ ಮೇಲೆ ಪುಟ ಮೂಡಿತು. ಹೆಸರುಗಳಿಲ್ಲ. ಬರೀ ಪ್ರಶ್ನೆಚಿಹ್ನೆ, ಸಾಲುಸಾಲು. ಮುಂದಿನ ಸಾಲಿನಿಂದ ಪಾರ್ವತಮ್ಮ ಎದ್ದರು.

"ಏನ್ ಸಾ ಇದು? ಜಮೀನು ಕೊಟ್ಟೋರು ನಾವು. ಪ್ರಶ್ನೆ ಕೇಳೋದೂ ನಮ್ಮುನ್ನೇಯಾ?"

ಸಭೆ ನಕ್ಕಿತು. ಕಾರ್ಯದರ್ಶಿಗಳು ನಗಲಿಲ್ಲ. "ಯಾರ ಕೆಲಸ ಇದು?" ಎಂದರು. ನಾನು ಸಿಂಧು ಕಡೆ ನೋಡಿದೆ. ಕಂಪ್ಯೂಟರ್ ವಿಭಾಗಕ್ಕೆ ಸೇರಿ ಮೂರೇ ತಿಂಗಳಾಗಿದ್ದ ಹುಡುಗಿ. ಅವಳಿಗೆ ನೋಟಿಸ್ ಹೋಯಿತು. ಆ ನೋಟಿಸನ್ನು ಟೈಪ್ ಮಾಡಿದವನೂ ನಾನೇ, ಸಭಿಕರೇ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಪ್ರಶ್ನೆಚಿಹ್ನೆಯನ್ನು ಮತ್ತೆ ಅಕ್ಷರ ಮಾಡಬಹುದೇ ಎಂದು ಸಿಂಧುವನ್ನೇ ಕೇಳಿದೆ. "ಇಲ್ಲ ಸಾ, ಅಕ್ಷರ ಅದರೊಳಗೆ ಅವಿತಿಲ್ಲ, ಹೋಗೇಬಿಟ್ಟಿದೆ. ಹೊಸದಾಗಿ ಬರೆದು, ಕನ್ನಡ ಅಕ್ಷರ ಉಳಿಯೋ ಹಾಗೆ ಯುಟಿಎಫ್-8 ಅಂತ ಆರಿಸಿ ಉಳಿಸಬೇಕು" ಎಂದಳು. ಬರೆಯಲು ಪಟ್ಟಿ ಎಲ್ಲಿ? ದಾನಿಗಳ ಪುಸ್ತಕವನ್ನು ಗೆದ್ದಲು ನನಗಿಂತ ಶ್ರದ್ಧೆಯಿಂದ ಓದಿ ಮುಗಿಸಿತ್ತು.

ಅವಳ ಸ್ಕೂಟರಿನ ಹಿಂದೆ ಕೂತು ಐದು ಭಾನುವಾರ ಮನೆಮನೆ ಅಲೆದೆ. ಎಲ್ಲ ಮನೆಯಲ್ಲೂ ಕಾಫಿ, ಎಲ್ಲ ಮನೆಯಲ್ಲೂ ಬೈಗುಳ. ಬಾಗೂರಿನ ರಸ್ತೆಯಲ್ಲಿ ಎಳನೀರಿಗೆ ನಿಂತಾಗ ತಡೆಯಲಾಗಲಿಲ್ಲ.

"ಸಿಂಧು, ಆ ಫೈಲ್ ಕೆಡಿಸಿದ್ದು ನಾನು ಕಣಮ್ಮ."

"ಗೊತ್ತು ಸಾ. ಫೈಲ್ ಕೆಟ್ಟ ದಿನ ನಾನು ರಜದಲ್ಲಿದ್ದೆ."

"ಮತ್ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ."

ಹಾಗಿದ್ದೂ ಮರುದಿನ ಹೇಳಿದೆನೇ? ಇಲ್ಲ. ಅದಾಗಿ ಏಳು ತಿಂಗಳು. ಅರವತ್ತೆರಡು ಹೆಸರೂ ಮತ್ತೆ ಪುಟಕ್ಕೆ ಬಂದಿವೆ. ನೋಟಿಸ್ ಮಾತ್ರ ಅವಳ ಕಡತದಲ್ಲೇ ಇದೆ. ಸೋಮವಾರ ಅವಳ ಕೆಲಸ ಕಾಯಂ ಮಾಡುವ ಸಭೆ.

ದೇವರಾಜ್ ಅವರೇ, ಇದು ನನ್ನ ತಪ್ಪೊಪ್ಪಿಗೆ. ಸಹಿ ಹಾಕಿದ್ದೇನೆ, ತೆಗೆದುಕೊಳ್ಳಿ. ನನ್ನ ಪಿಂಚಣಿ ತಡೆಯುವುದಾದರೆ ತಡೆಯಿರಿ. ಸಿಂಧು, ತಡವಾಯಿತಮ್ಮ, ಕ್ಷಮಿಸು.

ಚಪ್ಪಾಳೆ ಬೇಡ. ಇಷ್ಟು ಹೊತ್ತು ಸಹಿಸಿಕೊಂಡಿದ್ದಕ್ಕೆ ಕೃತಜ್ಞನಾಗಿದ್ದೇನೆ. ನಿಮಗೆಲ್ಲ, ಸಿಂಧುವಿಗೆ ಮೊದಲು, ನನ್ನ ನಮಸ್ಕಾರ.