ಮ್ಯಾನೇಜರ್ ಹಿಡಿದ ಇಲಿ

ನಗಬೇಡ ಅಕ್ಕಾ! ನಿಜವಾಗ್ಲೂ ನಮ್ಮ ಬೆಕ್ಕೇ ಹಿಡಿದದ್ದು. ಹೂಂ, ಈ ಮ್ಯಾನೇಜರೇ! ಯಾವ ಕೆಲಸಾನೂ ಮಾಡದೆ ಎಲ್ಲರ ಕೆಲಸ ನೋಡ್ತಾ ಕೂರುತ್ತೆ ಅಂತ ನೀನೇ ಇಟ್ಟ ಹೆಸರು... ಬಾ, ನೋಡು, ಮೈದಾ ಮೂಟೆ ಪಕ್ಕದಲ್ಲೇ ಬಿದ್ದಿದೆ ಇಲಿ. ಇನ್ನು ಬೆಕ್ಕನ್ನ ಚೀಲಕ್ಕೆ ಹಾಕಿ ಮಾರ್ಕೆಟ್ಟಲ್ಲಿ ಬಿಟ್ಟು ಬಾ ಅನ್ನೋ ಮಾತೇ ಬೇಡ. ಇಲಿ ಹಿಡಿಯದ ಬೆಕ್ಕಿಗೆ ನನ್ನ ಬೇಕರೀಲಿ ಜಾಗ ಇಲ್ಲ ಅಂದೆ ತಾನೆ? ಹಿಡೀತಲ್ಲ!

ಏನು? ದಿನಾ ಹಾಲು, ಬನ್ನು ತಿಂದು ಬಿದ್ದಿರೋದು ಇಲಿ ಯಾಕೆ ಹಿಡಿಯುತ್ತೆ ಅಂತಾನಾ? ಅಯ್ಯೋ, ಹಸಿವೇ ಬೇರೆ, ಬೇಟೆಯೇ ಬೇರೆ ಅಕ್ಕಾ! ಕಣ್ಣೆದುರು ಏನಾದ್ರೂ ಸರ್ರಂತ ಓಡಿದ್ರೆ ಸಾಕು, ಬೆಕ್ಕಿನ ಕಾಲು ನಿಲ್ಲಲ್ಲ. ನೊಣ, ಜಿರಳೆ, ಹಲ್ಲಿ, ಚಿಟ್ಟೆ... ಹೊಟ್ಟೆಗಲ್ಲ, ಅದು ರಕ್ತದಲ್ಲೇ ಬಂದಿರೋದು. ಗಲ್ಲಾ ತುಂಬಿದ್ರೂ, ಒಂದು ಬಿಸ್ಕತ್ತು ಎತ್ಕೊಂಡು ಓಡಿದವನ ಹಿಂದೆ ನೀನು ಬಸ್‌ಸ್ಟಾಪ್ ತನಕ ಓಡಲಿಲ್ವಾ? ...ಸರಿ ಸರಿ, ಲಟ್ಟಣಿಗೆ ಕೆಳಗಿಡು.

ನಾನು ಕಣ್ಣಾರೆ ಕಂಡೆ. ಹೊಟ್ಟೆ ನೆಲಕ್ಕೆ ಒತ್ತಿ, ಹಿಂಭಾಗ ಹೀಗೆ... ಹೀಗೆ ಅಲ್ಲಾಡಿಸ್ತು. ನಾನು ಮಾಡಿದ್ರೆ ನಗು ಬರುತ್ತೆ, ಅದು ಮಾಡಿದ್ರೆ ಗತ್ತು! ಒಂದೇ ನೆಗೆತ, ಕತ್ತಿಗೇ ಬಾಯಿ!

ಈಗ ಗೊರಕೆ ಹೊಡೀತಿದೆ ಅಂತ ಆಡ್ಕೋಬೇಡ. ಬೇಟೆ ಆಡಿದ ಸುಸ್ತು. ...ನಿನ್ನೆಯಿಂದಾನೂ ಮಲಗೇ ಇದೆ, ಹೌದು. ಅದು... ತಯಾರಿ.

ಅರೆ, ಇಲಿಯನ್ನ ಯಾಕೆ ಬಾಲ ಹಿಡಿದು ಎತ್ತಿದೆ? ಬೆಳಕಿಗೆ ಯಾಕೆ ಹಿಡೀತೀಯ? ಓ, ಕತ್ತಿನ ಮೇಲಿನ ಗೆರೆನಾ... ಹಲ್ಲಿನ ಗುರುತು. ನೇರವಾಗಿದೆ, ನಿಜ. ಸ್ಕೇಲಿಟ್ಟು ಎಳೆದ ಹಾಗಿದೆ. ತುಂಬಾ ಅಚ್ಚುಕಟ್ಟಿನ ಬೆಕ್ಕು ಇದು!

ನನ್ನ ಬೆರಳಿನ ಪಟ್ಟಿ ಯಾಕೆ ನೋಡ್ತೀಯ? ಒಲೆ ತಾಗಿದ್ದು... ಅಕ್ಕಾ? ಪಟ್ಟಿ ಬಿಚ್ಚಬೇಡ! ಬೇಕಾದ್ರೆ ಬೈ. ಹೂಂ, ಇಲ್ಲೂ ಅದೇ ನೇರ ಗೆರೆ...

ಸರಿ! ತಂತಿ ಬಡಿಯೋ ಇಲಿ ಬೋನು ಇಟ್ಟಿದ್ದು ನಾನು. ಮೊದಲು ಅದರಲ್ಲಿ ಸಿಕ್ಕಿಹಾಕ್ಕೊಂಡಿದ್ದೂ ನನ್ನ ಬೆರಳೇ. ಮೊನ್ನೆ ಇಲಿ ಕಂಡ ಕೂಡಲೇ ಈ ಬೆಕ್ಕು ಏನು ಮಾಡ್ತು ಗೊತ್ತಾ? ಓಡಿ ಬಂದು ನನ್ನ ಬೆನ್ನ ಹಿಂದೆ ಅವಿತುಕೊಳ್ತು. ನನ್ನ ಬೆನ್ನ ಹಿಂದೆ ಅಕ್ಕಾ! ಅಪ್ಪನಿಂದ ಹಿಡಿದು ನಿನ್ನ ತನಕ ಎಲ್ಲರೂ, ಇವನ ಕೈಲಿ ಏನೂ ಆಗಲ್ಲ ಅಂದವರೇ. ಇವನಿದ್ರೆ ಭಯ ಇಲ್ಲ ಅಂದುಕೊಂಡ ಜೀವ ಇದೊಂದೇ. ಇದನ್ನ ಹೇಗೆ ಚೀಲಕ್ಕೆ ಹಾಕಲಿ, ನೀನೇ ಹೇಳು?