ಸ್ಪ್ರಿಂಗ್ ಕತ್ತರಿಸಿಕೊಂಡವನು

ಸ್ವಲ್ಪ ಹತ್ತಿರ ಹತ್ತಿರ ಕೂಡಿರಿ, ಹಿಂದೆ ನಿಂತವರೂ ಒಳಗೆ ಬರಲಿ. ಆಗಿನಿಂದ ಹೊಟ್ಟೆಕಿಚ್ಚಿನ ಮಾತು ನಡೆದಿದೆ. ಹೊಟ್ಟೆಕಿಚ್ಚು ಅಂದಾಗಲೆಲ್ಲ ನೀವು ಪಕ್ಕದವರ ಮುಖ ನೋಡುತ್ತೀರಿ. ಇಲ್ಲಿ ಮಠದ ಪೀಠದ ಮೇಲೆ ಕೂತವರಿಗೆ ಅದು ಚೆನ್ನಾಗಿ ಕಾಣುತ್ತದೆ. ಇರಲಿ. ಒಂದು ದೃಷ್ಟಾಂತ ಕೇಳಿ, ಆಮೇಲೆ ಯಾರ ಮುಖ ನೋಡಬೇಕು ಅಂತ ನೀವೇ ತೀರ್ಮಾನ ಮಾಡಿ.

ಒಂದು ಪೇಟೆ ಊರು, ಆ ಊರಿನಲ್ಲೊಂದು ಓಣಿ. ಓಣಿಯ ಈ ಕಡೆ ಒಬ್ಬ ಪಾತ್ರೆ ಅಂಗಡಿಯವನು. ಆ ಕಡೆ, ಬಾಗಿಲಿಗೆ ಬಾಗಿಲು ಎದುರಾಗಿ, ಒಬ್ಬ ಮೆಣಸಿನಕಾಯಿ ಸಾಹುಕಾರ. ಹೆಸರು ಬೇಡ. ಹೆಸರು ಹೇಳಿದರೆ ಕಥೆ ಬಿಟ್ಟು, ಅವರು ಯಾರ ಬೀಗರು, ಯಾವ ಮನೆತನದವರು ಅಂತ ಹುಡುಕುತ್ತ ಕೂಡುತ್ತೀರಿ.

ಪಾತ್ರೆ ಅಂಗಡಿಯವನದು ಹಳೆಯ ಬಿಳಿ ಕಾರು. ಎತ್ತರಕ್ಕೆ ನಿಲ್ಲುವ ಗಾಡಿ, ಮುದುಕಿಯರು ಸೊಂಟ ಬಗ್ಗಿಸದೆ ಹಾಗೇ ಸರಿದು ಕೂಡಬಹುದು. ಓಣಿಯಲ್ಲಿ ಯಾರಿಗೆ ದವಾಖಾನೆ, ಯಾರಿಗೆ ಮದುವೆಯ ಜವಳಿ, ಯಾರ ಮಗಳು ಹಡೆದು ಕೂಸಿನ ಸಂಗಡ ಮನೆಗೆ ಬರಬೇಕು, ಎಲ್ಲದಕ್ಕೂ ಅದೇ ಗಾಡಿ. ಬಾಗಿಲು ಬಡಿದು “ಕಾಕಾ, ಗಾಡಿ ತಗೀರಿ” ಅಂದರೆ ಸಾಕು, ಇವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಬರುತ್ತಿದ್ದ. ಆ ಗಾಡಿಯ ಸೀಟಿನ ಮೇಲೆ ಅರಿಸಿನದ ಕಲೆ, ಎಣ್ಣೆಯ ಕಲೆ, ಕೂಸುಗಳು ಮಾಡಿದ ಕಲೆ. ಮಂದಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋಗುತ್ತಿದ್ದರು. ಅವನು ಸುಖವಾಗಿದ್ದ. ಸುಖವಾಗಿದ್ದೇನೆ ಅಂತ ಅವನಿಗೆ ಗೊತ್ತಿತ್ತೇ? ಇರಲಿಲ್ಲ. ಯಾರಿಗೆ ಗೊತ್ತಿರುತ್ತದೆ?

ಒಂದು ದಿವಸ ಎದುರು ಮನೆಗೆ ಕೆಂಪು ಕಾರು ಬಂತು.

ನೋಡಿ, ಕಾರು ಬರುವುದು ದೊಡ್ಡ ಮಾತಲ್ಲ. ಆ ಸಾಹುಕಾರ ಚಿಕ್ಕ ವಯಸ್ಸಿನವನು, ಗಾಡಿಯ ಹುಚ್ಚು. ಕಾರಿನ ಸಸ್ಪೆನ್ಷನ್ ಇಳಿಸಿ ಅದನ್ನು ನೆಲಕ್ಕೆ ಹತ್ತಿಸಿಬಿಟ್ಟಿದ್ದ. ಗಾಡಿಗೂ ರಸ್ತೆಗೂ ನಡುವೆ ಅಂಗೈ ತೂರಿಸಬೇಕೆಂದರೂ ಯೋಚನೆ ಮಾಡಬೇಕು. ಕಂಪನಿಯ ಗಾಲಿ ತೆಗೆದು ಅಗಲವಾದ ಬೆಳ್ಳಿ ಬಣ್ಣದ ಗಾಲಿ ಹಾಕಿಸಿದ್ದ. ಓಣಿಯ ಹನುಮಪ್ಪನ ಗುಡಿಯ ಮುಂದೆ ರಸ್ತೆಗೆ ಅಡ್ಡ ಒಂದು ಹಂಪ್ ಇತ್ತು, ಅಲ್ಲಿ ಬಂದಾಗ ಆ ಕಾರು ನೇರ ದಾಟುತ್ತಿರಲಿಲ್ಲ. ಓರೆಯಾಗಿ, ಒಂದೊಂದೇ ಗಾಲಿ ಎತ್ತಿಟ್ಟು, ಹೊಸ ಸೊಸೆ ಹೊಸ್ತಿಲು ದಾಟುವ ಹಾಗೆ ದಾಟುತ್ತಿತ್ತು. ಚಹಾದ ಅಂಗಡಿಯಲ್ಲಿ ಕೂತವರು ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ನೋಡುತ್ತಿದ್ದರು.

ಹಾಗೆ ನೋಡುತ್ತ ಒಂದು ದಿವಸ ಚಹಾದವನು ಇವನಿಗೆ ಒಂದು ಮಾತು ಆಡಿದ. ಚೇಷ್ಟೆಯ ಮಾತೇ. “ಕಾಕಾ, ಗಾಡಿ ಅಂದ್ರ ಅದು ನೋಡ್ರಿ. ನಿಮ್ದು ಎಮ್ಮಿ ನಿಂತಂಗ ನಿಂತಿರ್ತೈತಿ.”

ಎಲ್ಲರೂ ನಕ್ಕರು. ಇವನೂ ನಕ್ಕ. ಅವರ ನಗು ಚಹಾದ ಸಂಗಡ ತಣ್ಣಗಾಯಿತು. ಇವನ ನಗು ಒಳಗೆ ಹೋಗಿ ಮುಳ್ಳಾಗಿ ಕೂತಿತು.

ಅಲ್ಲಿಂದ ಶುರುವಾಯಿತು. ಪಾತ್ರೆ ಅಂಗಡಿ ಅಂದರೆ ಗೊತ್ತಲ್ಲ, ಕೊಡ, ತಂಬಿಗೆ, ಹರಿವಾಣ, ಎಲ್ಲ ಬೆಳ್ಳಗೆ ತಿಕ್ಕಿ ಇಟ್ಟಿರುತ್ತಾರೆ. ಬೀದಿಯಲ್ಲಿ ಒಂದು ಕೆಂಪು ಕಾರು ಹೋದರೆ ಅವನ ಅಂಗಡಿಯ ಎಲ್ಲ ಪಾತ್ರೆಗಳಲ್ಲಿ ಕೆಂಪು ಕಾರು ಹೋಗುತ್ತಿತ್ತು. ಬೀದಿಗೆ ಬೆನ್ನು ತಿರುಗಿಸಿ ಕೂತರೆ ತಂಬಿಗೆಯಲ್ಲಿ ಕಾಣುತ್ತಿತ್ತು, ತಂಬಿಗೆ ಬೋರಲು ಹಾಕಿದರೆ ಕೊಡದಲ್ಲಿ ಕಾಣುತ್ತಿತ್ತು. ಎಲ್ಲಿ ಹೋಗಬೇಕು ಪಾಪ? ಹೊಟ್ಟೆಕಿಚ್ಚು ಹೀಗೆಯೇ. ಅವರ ಹತ್ತಿರ ಇರುವುದು ಒಂದೇ. ನಮ್ಮ ಕಣ್ಣಿಗೆ ನೂರು.

ಒಂದು ಮಧ್ಯಾಹ್ನ ಕೆಂಪು ಕಾರಿನ ಹೊಟ್ಟೆ ಆ ಹಂಪ್‌ಗೆ ತಾಗಿ ಕರ್ರೆಂದಿತು. ಊಟಕ್ಕೆ ಕೂತಿದ್ದ ಇವನಿಗೆ ಆ ಸದ್ದು ಕೇಳಿಸಿತು. ಹೋಳಿಗೆಯ ಮೇಲೆ ತುಪ್ಪ ಬಿದ್ದ ಹಾಗಾಯಿತು. ಇನ್ನೊಂದು ರೊಟ್ಟಿ ಕೇಳಿದ.

ಹೆಂಡತಿ ರೊಟ್ಟಿ ಹಾಕುತ್ತ ಅಂದಳು, “ಅವರ ಗಾಡಿ ತಾಗಿದ್ರ ನಿಮಗ್ಯಾಕ ಹಸಿವು ಆಗ್ತೈತಿ?”

“ನಾ ಏನಂದೆ ಈಗ?”

“ಅನ್ನಬೇಕೇನು? ಮಾರಿ ಮ್ಯಾಲೆ ಬರದೈತಿ.”

ನೋಡಿ, ಹೆಂಡಿರಿಗೆ ಎಲ್ಲ ಕಾಣುತ್ತದೆ. ಅದಕ್ಕೇ ನಾವು ಅವರ ಮಾತು ಕೇಳುವುದಿಲ್ಲ.

ಇವನಿಗೆ ಒಬ್ಬಳೇ ಮಗಳು. ದೂರದ ಹಳ್ಳಿಗೆ ಕೊಟ್ಟಿದ್ದರು. ಹಿಂದಿನ ಸಲ ಬಸುರು ನಿಂತು ಮೂರನೇ ತಿಂಗಳಲ್ಲಿ ಹೋಗಿತ್ತು. ಈ ಸಲ ದೇವರು ಕಣ್ಣು ತೆರೆದಿದ್ದ, ಮಗಳು ಏಳನೇ ತಿಂಗಳಿಗೆ ಬಿದ್ದಿದ್ದಳು. ಬೀಗರ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಉಡಿ ತುಂಬಿಸಿಕೊಂಡು ಮಗಳನ್ನು ತವರಿಗೆ ಕರೆತರಬೇಕು. ಡಾಕ್ಟರಮ್ಮ ಒಂದೇ ಮಾತು ಹೇಳಿದ್ದಳು, ದಾರಿಯಲ್ಲಿ ಕುಲುಕಾಟ ಆಗಬಾರದು. ಇದು ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ತಲೆಯಲ್ಲಿ ಓಡುತ್ತಿದ್ದುದು ಏನು? ಬೀಗರ ಊರಿನ ಮಂದಿ ತನ್ನ ಗಾಡಿ ನೋಡಿ ಎದ್ದು ನಿಲ್ಲಬೇಕು. ಅಷ್ಟೇ.

ಗ್ಯಾರೇಜಿಗೆ ಹೋದ. ಸಾಹುಕಾರ ತನ್ನ ಕಾರು ಇಳಿಸಿದ್ದು ಅದಕ್ಕೇ ಅಂತ ಮಾಡಿದ ಸಾಮಾನು ತರಿಸಿ. ಇವನದು ಹಳೆಯ ಗಾಡಿ, ಅದಕ್ಕೆ ಅಂಥ ಸಾಮಾನು ಸಿಗುವುದಿಲ್ಲ. ಇರುವ ದಾರಿ ಒಂದೇ, ಗಾಲಿಯ ಮೇಲಿನ ಸ್ಪ್ರಿಂಗನ್ನು ಕತ್ತರಿಸಿ ಗಿಡ್ಡ ಮಾಡುವುದು.

ಮಿಸ್ತ್ರಿ ಕತ್ತರಿಸುವ ಮುಂಚೆ ಒಂದು ಸಲ ತಲೆ ಎತ್ತಿ ನೋಡಿದ. “ಕಾಕಾ, ಹಿಂದ ಮಂದಿ ಕುಂತ್ರ ಗಾಲಿ ಗಾಡಿ ಮೈಗೆ ತಿಕ್ತೈತ್ರಿ. ನೀವರ ಓಣಿನೇ ಹೇರ್ಕೊಂಡು ಓಡ್ಯಾಡಾವ್ರು.”

“ಓಣಿ ಮಂದಿ ಋಣ ತೀರೇತಿ. ನೀ ಕುಯ್ಯಿ,” ಅಂದ.

ಕೇಳಿದಿರಾ ಮಾತು? ಓಣಿಯ ಋಣ ತೀರಿದೆಯಂತೆ. ಅಗಲದ ಗಾಲಿ ಹಾಕಿಸಿದ. ಸೀಟಿನ ಕಲೆ ಮುಚ್ಚುವ ಹಾಗೆ ಕಪ್ಪು ಹೊದಿಕೆ ಹಾಕಿಸಿದ. ಎಮ್ಮೆಯ ಹಾಗೆ ನಿಂತಿದ್ದ ಗಾಡಿ ನೆಲಕ್ಕೆ ಕೂತಿತು.

ಕುಬಸದ ದಿವಸ ಗಾಲಿ ತಿಕ್ಕೀತು ಅಂತ ಹೆಂಡತಿಯನ್ನೂ ತನ್ನ ಅತ್ತಿಗೆಯನ್ನೂ ಕೂರಿಸಿಕೊಳ್ಳಲಿಲ್ಲ. ಸಾಮಾನಿನ ಬುಟ್ಟಿ ಹೊತ್ತು ಅವರು ಬೆಳಗಿನ ಬಸ್ಸಿಗೆ ಹೋದರು. ಇವನು ಒಬ್ಬನೇ ಹೋದ. ಪ್ರತಿ ಹಂಪನ್ನೂ ಓರೆಯಾಗಿ ದಾಟುತ್ತ, ಸಾಹುಕಾರನ ಹಾಗೆಯೇ ಒಂದು ಕೈ ಕಿಟಕಿಯ ಹೊರಗೆ ಇಟ್ಟುಕೊಂಡು. ಬೀಗರ ಊರಿನಲ್ಲಿ ಮಕ್ಕಳು ಬೆನ್ನು ಹತ್ತಿದರು, ಹುಡುಗರು ಮೊಬೈಲಿನಲ್ಲಿ ಫೋಟೋ ತೆಗೆದರು. ಬೀಗ ಹೊರಗೆ ಬಂದು ಗಾಲಿಯ ಮೇಲೆ ಕೈಯಾಡಿಸಿ “ಚಲೋ ಮಿಂಚ್ತಾವ” ಅಂದ. ಇವನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಆಗ ಬೀಗತಿ ಬಾಗಿಲಲ್ಲಿ ನಿಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದಳು.

“ಏನ್ರೀ ಬೀಗರ, ಗಾಡಿನೂ ಬಸುರಾಗೈತೇನು? ಹೊಟ್ಟಿ ನೆಲಕ್ಕ ಹತ್ತೇತಿ. ಅದಕ್ಕೂ ಒಂದ್ ಕುಬಸ ಮಾಡೂಣೇನು?”

ಹೆಂಗಸರೆಲ್ಲ ನಕ್ಕರು. ಬೀಗತಿಯರ ಚೇಷ್ಟೆ, ಇರುವುದೇ.

ಊಟವಾಯಿತು, ಆರತಿಯಾಯಿತು, ಉಡಿ ತುಂಬಿದರು. ಮಗಳನ್ನು ಹಿಂದೆ ನಡುವೆ ಕೂರಿಸಿದರು. ಈ ಕಡೆ ಅವಳ ಅವ್ವ, ಆ ಕಡೆ ಇವನ ಅತ್ತಿಗೆ, ತೊಡೆಯ ಮೇಲೆ ಬುಟ್ಟಿಗಳು. ಗಾಡಿ ಹೊರಟಿತು. ಹೊರಟ ಕೂಡಲೇ ಹಿಂದಿನ ಗಾಲಿ ಕೊರಕೊರ ಅನ್ನತೊಡಗಿತು. ಊರ ಬಾಗಿಲು, ಆ ಅಗಸಿ ದಾಟಿದೊಡನೆ ನೀರು ಹರಿಯಲು ತೆಗೆದ ಒಂದು ಸಣ್ಣ ಕಾಲುವೆ. ನಮ್ಮ ಹಳ್ಳಿಗಳಲ್ಲಿ ಇರುತ್ತದಲ್ಲ, ಅದೇ. ಓರೆಯಾಗಿ ದಾಟಿಸಿದ. ಬರುವಾಗ ಖಾಲಿ ಗಾಡಿ ದಾಟಿತ್ತು, ತುಂಬಿದ ಗಾಡಿ ದಾಟಲಿಲ್ಲ. ಕೆಳಗಿನಿಂದ ಧಡ್ ಅಂತ ಬಡಿಯಿತು. ಕಬ್ಬಿಣದ ಮೇಲೆ ಕಬ್ಬಿಣ ಬಡಿದ ಏಟು ನೇರ ಸೀಟಿಗೆ ಬಂತು.

ಮಗಳು ಏನೂ ಕೂಗಲಿಲ್ಲ. ಎರಡೂ ಕೈ ಹೊಟ್ಟೆಗೆ ಹಿಡಿದುಕೊಂಡಳು. “ಅಪ್ಪಾ, ನಿಂದ್ರಸು,” ಅಂದಳು.

ನಿಲ್ಲಿಸಿದ. ಇಳಿದು ಹಿಂದಿನ ಬಾಗಿಲು ತೆಗೆದ. ಹಿಂದೆಯೇ ನಡೆದು ಬರುತ್ತಿದ್ದ ಬೀಗತಿ ಓಡಿ ಬಂದಳು. ಈಗ ಅವಳ ಬಾಯಲ್ಲಿ ಚೇಷ್ಟೆ ಇರಲಿಲ್ಲ. “ಇಳಿ ಅವ್ವಿ. ನಿಧಾನಕ ಇಳಿ. ಈ ಗಾಡ್ಯಾಗ ನಾ ನಿನ್ನ ಕಳಸಂಗಿಲ್ಲ.”

ಈಗ ನೋಡಿ ಪೇಚು. ಉಡಿ ತುಂಬಿಸಿಕೊಂಡು ಅಗಸಿ ದಾಟಿದ ಬಸುರಿ ತಿರುಗಿ ಆ ಮನೆಯ ಹೊಸ್ತಿಲು ತುಳಿಯಬಾರದು, ಅದು ಆ ಊರಿನ ನಡಾವಳಿ. ಹಿಂದೆ ಹೋಗುವ ಹಾಗಿಲ್ಲ. ಮುಂದೆ ಹೋಗಲು ಗಾಡಿಯಿಲ್ಲ. ಬೀಗರಲ್ಲಿ ಟ್ರ್ಯಾಕ್ಟರ್ ಇತ್ತು, ಅದರಲ್ಲಿ ಏಳು ತಿಂಗಳ ಬಸುರಿಯನ್ನು ಯಾರು ಕೂರಿಸುತ್ತಾರೆ? ಬಸ್ಸು ಇನ್ನು ನಾಳೆ. ಅಗಸಿಯ ಹೊರಗಿನ ಬನ್ನಿಗಿಡದ ಕೆಳಗೆ ಕಂಬಳಿ ಹಾಸಿ ಮಗಳನ್ನು ಕೂರಿಸಿದರು. ಹಸಿರು ಸೀರೆ, ಕೈತುಂಬ ಬಳೆ, ತುಂಬಿದ ಉಡಿ, ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಒಳಗಿನ ಕೂಸು ಅಲುಗುತ್ತದೋ ಇಲ್ಲವೋ ಅಂತ ಕಾಯುತ್ತ ಕೂತಳು.

ಓಣಿಯಲ್ಲಿ ಯಾರಿಗೆ ಗಾಡಿ ಬೇಕಾದರೂ ಇವನ ಬಾಗಿಲು ಬಡಿಯುತ್ತಿದ್ದರು. ಇವನಿಗೆ ಬೇಕಾದಾಗ ಯಾರ ಬಾಗಿಲು ಬಡಿಯಬೇಕು? ಅವನು ಅದನ್ನೇ ಯೋಚಿಸುತ್ತ ನಿಂತಿದ್ದಾಗ ಹೆಂಡತಿ ಅವನನ್ನು ಕೇಳದೆ ಸಾಹುಕಾರನ ತಾಯಿಗೆ ಫೋನು ಮಾಡಿದ್ದಳು.

ಹೊತ್ತು ಇಳಿಯುವ ಮುಂಚೆ ಸಾಹುಕಾರ ಬಂದ. ಕೆಂಪು ಕಾರಿನಲ್ಲಿ ಅಲ್ಲ. ಅದೂ ಆ ಕಾಲುವೆ ದಾಟುವ ಗಾಡಿಯಲ್ಲವಲ್ಲ. ಯಾರನ್ನೂ ಏನೂ ಕೇಳದ ಮನುಷ್ಯ, ಮೆಣಸಿನಕಾಯಿ ಅಡತಿ ವ್ಯಾಪಾರದ ಪಾಲುದಾರನ ಮನೆಗೆ ಹೋಗಿ ಎತ್ತರದ ಗಾಡಿ ಕೇಳಿ ತಂದಿದ್ದ. ಬಂದವನೇ ಮಗಳ ಹತ್ತಿರ ಹೋಗಿ, “ತಂಗಿ, ಹ್ಯಾಂಗದಿ?” ಅಂದ.

“ಈಗ ಕೂಸು ಒದೀತಣ್ಣ,” ಅಂದಳು ಅವಳು. ಅಷ್ಟು ಹೊತ್ತು ಹಿಡಿದಿಟ್ಟ ಅಳು ಆಗ ಬಂತು.

ಎಲ್ಲರನ್ನೂ ಹತ್ತಿಸಿದ ಮೇಲೆ ಸಾಹುಕಾರ ಇವನ ಗಾಡಿಯ ಹತ್ತಿರ ಬಂದು ಬಗ್ಗಿ ನೋಡಿದ. ನಗಲಿಲ್ಲ.

“ಕಾಕಾ, ಯಾಕ ಇಳಿಸಿದ್ರಿ ಇದನ್ನ?”

ಇವನು ಕಾಲುವೆಯ ಕಡೆ ಮುಖ ತಿರುಗಿಸಿದ.

“ನನ್ನ ಗಾಡ್ಯಾಗ ನಮ್ಮವ್ವ ಒಮ್ಮೀನೂ ಕುಂತಿಲ್ರಿ. ಆಕಿಗೆ ಮಣಕಾಲು ಮಡಚಾಕ ಬರಂಗಿಲ್ಲ. ದವಾಖಾನಿಗೆ ನಿಮ್ಮ ಗಾಡ್ಯಾಗ ಬರ್ತಿದ್ಲು. ದಿನಾ ನನಗ ಅಂತಾಳ, ‘ಎದುರಮನಿಯಾಂವನ ನೋಡಿ ಕಲಿ. ಅವನ ಗಾಡಿ ತುಂಬ ಮಂದಿ, ನಿನ್ನ ಗಾಡ್ಯಾಗ ಬರೇ ಹಾಡು ಕುಂತಾವು.’ ಅದನ್ನ ಕೇಳಿ ಕೇಳಿ ನನಗ ನಿಮ್ಮ ಗಾಡಿ ಕಂಡ್ರ ಹೊಟ್ಟಿ ಉರೀತಿತ್ತು.” ಬಗ್ಗಿದವನು ಎದ್ದು ನಿಂತು ಅಂದ, “ಬರೂ ಸೋಮವಾರ ಆಕಿನ ಡಾಕ್ಟರ ಕಡೆ ಒಯ್ಯಬೇಕು. ನಿಮ್ಮನ್ನ ಕೇಳಬೇಕಂತಿದ್ದೆ. ಈಗ ಯಾರ್ನ ಕೇಳ್ಲಿ?”

ಎತ್ತರದ ಗಾಡಿ ಮುಂದೆ ಹೋಯಿತು. ಇವನು ಹಿಂದೆ, ಒಬ್ಬನೇ. ಖಾಲಿ ಗಾಡಿ, ಆದ್ದರಿಂದ ಗಾಲಿ ತಿಕ್ಕುತ್ತಿರಲಿಲ್ಲ. ದಾರಿಯ ಊರುಗಳಲ್ಲಿ ಮಕ್ಕಳು ಕೂಗಿ ತೋರಿಸುತ್ತಿದ್ದರು. ಅವರು ನೋಡದಿದ್ದರೆ ಸಾಕು ಅನ್ನಿಸುತ್ತಿತ್ತು ಅವನಿಗೆ. ಮುಂದಿನ ಗಾಡಿಯ ಹಿಂದಿನ ಗಾಜಿನಲ್ಲಿ ಮೂರು ತಲೆ ಕಾಣುತ್ತಿದ್ದವು. ಅತ್ತಿಗೆ ಏನೋ ಹೇಳಿದಳು, ಮಗಳ ತಲೆ ಹಿಂದಕ್ಕೆ ಬಾಗಿತು, ನಕ್ಕಳು ಅಂತ ಕಾಣುತ್ತದೆ. ಇವನ ಹೊಟ್ಟೆಯಲ್ಲಿ ಚುರ್ ಅಂದಿತು. ಅದೇ ಹಳೆಯ ಉರಿ. ಆದರೆ ಈ ಸಲ ಯಾರ ಮೇಲೆ? ಆ ನಗು ಅವನ ಗಾಡಿಯದು. ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋಗುತ್ತಿದ್ದ ಆ ಕಲೆಯ ಸೀಟಿನದು. ಅವನಿಗೆ ತನ್ನ ನಿನ್ನೆಯ ಮೇಲೆಯೇ ಹೊಟ್ಟೆಕಿಚ್ಚಾಗಿತ್ತು.

ಮರುದಿನ ಕತ್ತರಿಸಿದ ತುಂಡು ಹಿಡಿದು ಗ್ಯಾರೇಜಿಗೆ ಹೋದ. “ಇದನ್ನ ಕೂಡಸಿ ಕೊಡು.” ಮಿಸ್ತ್ರಿ ತುಂಡನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ. “ಸ್ಪ್ರಿಂಗ್ ಕುಯ್ಯಾಕ ಬರ್ತೈತ್ರಿ ಕಾಕಾ, ಕೂಡಸಾಕ ಬರಂಗಿಲ್ಲ. ಬೆಸುಗಿ ಹಾಕಿದ್ರ ನಡುರಸ್ತ್ಯಾಗ ಮುರೀತೈತಿ. ಬ್ಯಾರೇದು ಹುಡುಕಬೇಕು.” ಬೇರೆ ಊರಿನಿಂದ ಹಳೆಯದನ್ನು ಹುಡುಕಿಸಿ ತಂದು ಹಾಕಿಸಿದ. ಗಾಡಿ ಎದ್ದು ನಿಂತಿತು. ಒಂದು ಕಡೆ ತುಸು ವಾಲಿದೆ, ಇವತ್ತಿಗೂ. ಸೋಮವಾರ ಬೆಳಗ್ಗೆ ಅವನು ಎದುರು ಮನೆಗೆ ಹೋಗಿ ತಾನೇ ಬಾಗಿಲು ಬಡಿದ. “ಆಯಿ, ಗಾಡಿ ತಗದೇನಿ. ಬರ್ರಿ,” ಅಂದ.

ಕಥೆ ಅಷ್ಟೇ. ಈಗ ನಿಮ್ಮ ಕಡೆ ತಿರುಗಲೇ?

ಅವನು ಮೇಲೇರಬೇಕೆಂದು ಹೊರಟ, ತನ್ನ ಗಾಡಿಯನ್ನೇ ಕೆಳಗೆ ಇಳಿಸಿಕೊಂಡ. ನೀವು ನಕ್ಕಿರಿ. ನೀವು ಏನು ಕತ್ತರಿಸಿಕೊಂಡಿದ್ದೀರಿ? ನಾದಿನಿಯ ಮನೆಯ ಅಡುಗೆಮನೆ ಚೆಂದವಾಯಿತು ಅಂತ ನಿಮ್ಮ ಮನೆಯಲ್ಲಿ ನೆಲದ ಮೇಲೆ ಸಾಲಾಗಿ ಕೂತು ಉಣ್ಣುವುದನ್ನು ಬಿಟ್ಟಿದ್ದೀರಿ. ಈಗ ಒಬ್ಬೊಬ್ಬರೇ ನಿಂತು ಉಣ್ಣುತ್ತೀರಿ. ಪಕ್ಕದವರ ಮಗ ಮೊದಲ ನಂಬರು ಬಂದ ಅಂತ ನಿಮ್ಮ ಮಗನನ್ನು ಆಟದಿಂದ ಎಬ್ಬಿಸಿದ್ದೀರಿ. ಈಗ ಅವನು ನಿಮ್ಮ ಹತ್ತಿರ ಮಾತೇ ಆಡುವುದಿಲ್ಲ. ಅದು ಸ್ಪ್ರಿಂಗ್ ಅಲ್ಲವೇ? ಏಟು ಬಿದ್ದಾಗ ಒಳಗೆ ಕೂತವರಿಗೆ ತಾಗದ ಹಾಗೆ ತಡೆಯುತ್ತಿದ್ದುದು ಅದೇ ಅಲ್ಲವೇ?

ಹೊಟ್ಟೆಕಿಚ್ಚು ಬಾರದ ಮನುಷ್ಯನಿಲ್ಲ. ಬರಲಿ. ಬಂದಾಗ ಕೈಗೆ ಗರಗಸ ತಗೊಳ್ಳಬೇಡಿ. ಎದುರು ಮನೆಗೆ ಹೊಸದೇನಾದರೂ ಬಂದರೆ ಕಿಟಕಿಯಿಂದ ನೋಡಬೇಡಿ. ಬೀದಿ ದಾಟಿ ಹೋಗಿ, ಅದನ್ನು ಕೈಯಿಂದ ಮುಟ್ಟಿ, ಬಾಯಿ ಬಿಟ್ಟು “ಚಲೋ ಆತು” ಅನ್ನಿ. ಮೊದಲ ಸಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೂ ಅನ್ನಿ. ನಿಮ್ಮ ಮನೆಯಲ್ಲಿ ಏನನ್ನೇ ಬದಲು ಮಾಡುವ ಮುಂಚೆ ಇದನ್ನು ಯಾರು ನೋಡುತ್ತಾರೆ ಅಂತ ಕೇಳಬೇಡಿ. ಇದರಲ್ಲಿ ಯಾರು ಕೂಡುತ್ತಾರೆ ಅಂತ ಕೇಳಿ.

ನಾಳೆಯಿಂದ ಅಲ್ಲ. ಮಠದ ಹೊರಗೆ ನಿಮ್ಮ ಗಾಡಿಗಳು ಸಾಲಾಗಿ ನಿಂತಿವೆ. ನೀವು ಬರುವಾಗ ನೋಡಿದ್ದೇನೆ, ಒಂದೊಂದರಿಂದ ಒಬ್ಬೊಬ್ಬರೇ ಇಳಿದಿರಿ. ಅಲ್ಲಿ ಕಂಬದ ಹತ್ತಿರ ಮೂರು ಮೈಲಿ ನಡೆದು ಬಂದ ಆಯಿ ಕೂತಿದ್ದಾಳೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಆಕೆ ಇವತ್ತು ನಡೆದು ಹೋಗಬಾರದು. ಯಾರು ಬಾಗಿಲು ತೆಗೆಯುತ್ತೀರಿ ಅಂತ ನಾನು ಇಲ್ಲಿಂದ ನೋಡುತ್ತಿರುತ್ತೇನೆ.